‘ಸಿಸ್ಟರಮ್ಮಾ, ಒಂದು ನಿದ್ದಿ ಗುಳಗಿ ಕೊಡ್ರಿ’

ಬೀದರ್ ಕಡೆಯಿಂದ ಬರುವ ರೈಲೂ, ವಾಡಿ–ತಾಂಡೂರಿನ ಮೇಲಿಂದ ಬರುವ ರೈಲೂ ವಿಕಾರಾಬಾದಿನಲ್ಲಿ ಒಂದೇ ಹಾದಿ ಹಿಡಿದು ಹೈದರಾಬಾದಿನತ್ತ ಸಾಗುತ್ತವೆ. ನಗರ ಕಣ್ಣಿಗೆ ಬೀಳಲು ಶುರುವಾಗುವುದು ಲಿಂಗಂಪಲ್ಲಿಯಲ್ಲಿ. ಊರೊಳಗಿನ ಎಂಎಂಟಿಎಸ್ ಲೋಕಲ್ ರೈಲುಗಳು ಹೊರಡುವುದೂ ಇಲ್ಲಿಂದಲೇ. ಹುಮನಾಬಾದ್, ಜಹೀರಾಬಾದ್ ದಾಟಿ ಬರುವ ಮುಂಬೈ ಹೆದ್ದಾರಿಯೂ ಇದೇ ದಿಕ್ಕಿನಿಂದ ನಗರ ಹೊಗುತ್ತದೆ. ಹಾಗಾಗಿ ಬೀದರ್, ಕಲಬುರಗಿಯ ಕನ್ನಡದವರಿಗೆ ‘ಪಟ್ನದ ದವಾಖಾನಿ’ ಅಂದರೆ ಮೊದಲು ಸಿಗುವುದು ಲಿಂಗಂಪಲ್ಲಿ, ಚಂದಾನಗರ, ಗಚ್ಚಿಬೌಲಿ ಸುತ್ತಲಿನ ಆಸ್ಪತ್ರೆಗಳು. ರೈಲಿಳಿಯುವ ಗುಂಪಿನಲ್ಲಿ ಒಂದು ಕೈಯಲ್ಲಿ ಬುತ್ತಿ ಗಂಟು, ಇನ್ನೊಂದು ಕೈಯಲ್ಲಿ ಇಸಿಜಿ ಕಾಗದ ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದವರು ಒಬ್ಬರಾದರೂ ಇರುತ್ತಾರೆ.

ಹುಮನಾಬಾದ್ ಕಡೆಯ ಯಜಮಾನರೊಬ್ಬರು ಹೀಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ವಯಸ್ಸು ಎಪ್ಪತ್ತು. ಹೃದಯಾಘಾತವಾಗಿ, ಸ್ಟೆಂಟ್ ಹಾಕಿ ಎರಡು ದಿನವಾಗಿದೆ. ರಾತ್ರಿ ಎರಡು ಗಂಟೆ. ಮಾನಿಟರ್ ಕುಂಯ್‌ಗುಡುತ್ತಿದೆ, ಪಕ್ಕದ ಹಾಸಿಗೆಗೆ ಹೊಸ ರೋಗಿ ಬಂದಿದ್ದಾರೆ, ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸುವವರಿಲ್ಲ. ಯಜಮಾನರು ಎದ್ದು ಕೂತು ನರ್ಸನ್ನು ಕರೆಯುತ್ತಾರೆ: ‘ಸಿಸ್ಟರಮ್ಮಾ, ನಿದ್ದಿ ಬರಲ್ಲಾಗ್ಯಾದ. ಒಂದು ನಿದ್ದಿ ಗುಳಗಿ ಕೊಡ್ರಿ.’

ಎಷ್ಟು ಸಣ್ಣ ಬೇಡಿಕೆ! ಆದರೆ ಅನುಭವಿ ನರ್ಸ್ ಮಾತ್ರೆ ತರಲು ಓಡುವುದಿಲ್ಲ. ಮೊದಲು ಯಜಮಾನರ ಎದೆಯ ಏರಿಳಿತ ನೋಡಿ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತಾಳೆ. ಆಮೇಲೆ ಕೇಳುತ್ತಾಳೆ, ‘ಮಲಗಿದರೆ ದಮ್ಮು ಹತ್ತುತ್ತದಾ, ಕೂತರೆ ಆರಾಮ ಅನ್ನಿಸುತ್ತದಾ?’

ಈ ಪ್ರಶ್ನೆಗೆ ಬರುವ ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ. ಹೃದಯದ ಒತ್ತುವ ಬಲ ಕುಗ್ಗಿದಾಗ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಸಲೀಸಾಗುತ್ತದೆ. ರೋಗಿ ಇದನ್ನು ‘ನಿದ್ದೆ ಇಲ್ಲ’ ಎಂದೇ ಹೇಳುವುದು. ಅಂಥವರಿಗೆ ನಿದ್ದೆ ಮಾತ್ರೆ ಕೊಟ್ಟರೆ, ಉಸಿರಿಗಾಗಿ ಎಬ್ಬಿಸಿ ಕೂರಿಸುತ್ತಿದ್ದ ಎಚ್ಚರವನ್ನೇ ಮಲಗಿಸಿದ ಹಾಗೆ. ಅವರಿಗೆ ಬೇಕಾದದ್ದು ಮೈಯ ನೀರಿಳಿಸುವ ಇಂಜೆಕ್ಷನ್. ಗೊರಕೆಯ ನಡುನಡುವೆ ಉಸಿರು ನಿಲ್ಲಿಸುವ ‘ಸ್ಲೀಪ್ ಆಪ್ನಿಯಾ’ ಇರುವ ದಪ್ಪ ಮೈಯವರ ಕಥೆಯೂ ಹೀಗೇ. ಮಾತ್ರೆ ಅವರ ಗಂಟಲ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ.

ಕೆಲವೊಮ್ಮೆ ನಿದ್ದೆ ಕದಿಯುವುದು ಹೃದಯದ ಔಷಧಿಯೇ. ನೀರಿಳಿಸುವ ಲ್ಯಾಸಿಕ್ಸ್ ಅನ್ನು ಸಂಜೆ ಏಳಕ್ಕೆ ಕೊಟ್ಟರೆ ರಾತ್ರಿಯೆಲ್ಲ ಮೂತ್ರಕ್ಕೆ ಏಳಬೇಕು. ಅದನ್ನೇ ಬೆಳಿಗ್ಗೆಗೆ ಮತ್ತು ಮಧ್ಯಾಹ್ನಕ್ಕೆ ತಂದರೆ ಅರ್ಧ ಸಮಸ್ಯೆ ತಾನಾಗಿ ಮಾಯ. ಬಡಿತ ತಗ್ಗಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಕೆಲವರಿಗೆ ಕೆಟ್ಟ ಕನಸು ತರುತ್ತವೆ. ಸ್ಟೆಂಟ್ ಕಟ್ಟದಂತೆ ಕಾಯುವ ಟಿಕಾಗ್ರೆಲಾರ್ ನುಂಗುವವರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಉಸಿರು ಸಾಲದಂತೆ ಅನ್ನಿಸುತ್ತದೆ ಎಂದು ಆ ಔಷಧಿಯ ಮೊದಲ ದೊಡ್ಡ ಪರೀಕ್ಷೆಯಲ್ಲೇ ಕಂಡುಬಂದಿತ್ತು. ಇನ್ನು ಸದ್ದು. ರಾತ್ರಿ ಹೊತ್ತು ವಾರ್ಡಿನಲ್ಲಿ 30 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ದೇಶದ 2000ದ ಶಬ್ದ ನಿಯಮಗಳು ಆಸ್ಪತ್ರೆಯ ಸುತ್ತಲಿನ ನಿಶ್ಶಬ್ದ ವಲಯಕ್ಕೆ ರಾತ್ರಿ 40 ಡೆಸಿಬೆಲ್ ಮಿತಿ ಹಾಕಿವೆ. ಮುಂಬೈ ಹೆದ್ದಾರಿಯ ಲಾರಿಗಳಿಗೆ ಇದನ್ನು ಯಾರು ಹೇಳಬೇಕೋ! ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ, ನಡುರಾತ್ರಿ ರಕ್ತ ತೆಗೆಯುವುದನ್ನು ಬೆಳಗಿಗೆ ದೂಡುವುದು ಇಂಥವಕ್ಕೆ ಖರ್ಚಿಲ್ಲ, ಅಡ್ಡಪರಿಣಾಮವೂ ಇಲ್ಲ. ಆದರೆ ಇವನ್ನು ಚೀಟಿಯಲ್ಲಿ ಬರೆಯುವವರು ಕಡಿಮೆ.

ಮಾತ್ರೆ ಕೊಡುವ ಮುನ್ನ ಉಸಿರು ನೋಡು ಎಂಬ ಪಾಠಕ್ಕೆ ಈ ಊರಿನಲ್ಲೇ ಒಂದು ಹಳೆಯ ಅಧ್ಯಾಯವಿದೆ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲವದು. ಎಡ್ವರ್ಡ್ ಲಾರಿ ಎಂಬ ವೈದ್ಯ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿದ್ದ, ಇಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥನೂ ಹೌದು. ನೋವು ಮರೆಸಲು ಆಗ ಹೆಚ್ಚು ಬಳಕೆಯಲ್ಲಿದ್ದದ್ದು ಕ್ಲೋರೋಫಾರ್ಮ್. ಎಡಿನ್‌ಬರೋದ ಸಿಂಪ್ಸನ್ 1847ರಲ್ಲಿ ಅದನ್ನು ಬಳಕೆಗೆ ತಂದ ಮೂರು ತಿಂಗಳೊಳಗೇ, 1848ರ ಜನವರಿಯಲ್ಲಿ, ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರ್ಮ್ ಮೂಸಿದ ನಿಮಿಷಗಳಲ್ಲೇ ತೀರಿಕೊಂಡಿದ್ದಳು. ಅಂದಿನಿಂದ ವೈದ್ಯಲೋಕ ಎರಡು ಪಂಗಡ. ಕ್ಲೋರೋಫಾರ್ಮ್ ಮೊದಲು ನಿಲ್ಲಿಸುವುದು ಹೃದಯವನ್ನೋ ಉಸಿರನ್ನೋ? ಕೊಡುವವನ ಬೆರಳು ನಾಡಿಯ ಮೇಲಿರಬೇಕೋ, ಕಣ್ಣು ಎದೆಯ ಮೇಲಿರಬೇಕೋ?

ಲಾರಿ ಕಣ್ಣಿನ ಪಂಗಡದವನು. ಉಸಿರು ನೋಡಿಕೊಂಡರೆ ಸಾಕು, ಹೃದಯ ತನ್ನನ್ನು ತಾನು ನೋಡಿಕೊಳ್ಳುತ್ತದೆ ಎಂಬುದು ಅವನ ಹಟ. ಅದನ್ನು ಸಾಧಿಸಲು 1888ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಕೂತಿತು, ನಾಯಿಗಳ ಮೇಲೆ ಪ್ರಯೋಗಗಳಾದವು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರ್ಕಾರ ಸಾವಿರ ಪೌಂಡ್ ಕೊಟ್ಟು, ನೀವೇ ಒಬ್ಬ ತಜ್ಞನನ್ನು ಕಳಿಸಿ ಎಂದಿತು. 1889ರಲ್ಲಿ ಲಾಡರ್ ಬ್ರಂಟನ್ ಹಡಗು ಹತ್ತಿ ಬಂದ. ಎರಡನೆಯ ಆಯೋಗದ ತೀರ್ಪೂ ಲಾರಿಯ ಪರವಾಗಿಯೇ ಬಂತು: ಉಸಿರೇ ಮೊದಲು ನಿಲ್ಲುತ್ತದೆ. ಆ ಪ್ರಯೋಗಗಳಲ್ಲಿ ಪಾಲ್ಗೊಂಡ ರೂಪಾಬಾಯಿ ಫರ್ದೂನ್‌ಜಿ ಇದೇ ಶಾಲೆಯಲ್ಲಿ ಕಲಿತ ಪಾರ್ಸಿ ಹೆಣ್ಣುಮಗಳು. ಅರಿವಳಿಕೆಯನ್ನೇ ವೃತ್ತಿ ಮಾಡಿಕೊಂಡ ಜಗತ್ತಿನ ಮೊದಲ ಮಹಿಳೆಯರ ಸಾಲಿನಲ್ಲಿ ಆಕೆಯ ಹೆಸರಿದೆ.

ಲಾರಿ ಅರ್ಧ ಸರಿ, ಅರ್ಧ ತಪ್ಪು. ತಪ್ಪಿದ ಅರ್ಧವನ್ನು 1911ರಲ್ಲಿ ಲಂಡನ್ನಿನ ಗುಡ್‌ಮನ್ ಲೆವಿ ತೋರಿಸಿದ. ಬೆಕ್ಕುಗಳಿಗೆ ಹಗುರವಾಗಿ ಕ್ಲೋರೋಫಾರ್ಮ್ ಕೊಟ್ಟು ಅಡ್ರಿನಲಿನ್ ಚುಚ್ಚಿದಾಗ ಅವುಗಳ ಹೃದಯ ತಾಳ ತಪ್ಪಿ ಅದುರಿ ನಿಂತುಹೋಯಿತು. ಅಡ್ರಿನಲಿನ್ ಅಂದರೆ ಹೆದರಿದಾಗ ಮೈಯೇ ಸುರಿಸುವ ರಸ. ಉಗುರು ತೆಗೆಸಿಕೊಳ್ಳಲು ನಡುಗುತ್ತ ಕೂತಿದ್ದ ಆ ಹುಡುಗಿ ಸತ್ತದ್ದು ಔಷಧಿಯಿಂದಲೋ, ಔಷಧಿಯ ಜೊತೆ ಸೇರಿಕೊಂಡ ಅಂಜಿಕೆಯಿಂದಲೋ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಲಾರಿ ದುಡಿದ ಅಫ್ಜಲ್‌ಗಂಜ್ ಆಸ್ಪತ್ರೆಯನ್ನು 1908ರ ಮೂಸಿ ನದಿಯ ಪ್ರವಾಹ ಕೊಚ್ಚಿಕೊಂಡು ಹೋಯಿತು. ಅವನ ಕಣ್ಣಿನ ಪಾಠ ಮಾತ್ರ ಉಳಿದಿದೆ. ಮಾರ್ಫಿನ್ ಆಗಲಿ ನಿದ್ದೆ ಮಾತ್ರೆಯಾಗಲಿ ಮಿತಿಮೀರಿದಾಗ ಮೊದಲು ತಗ್ಗುವುದು ಉಸಿರೇ, ಎರಡೂ ಒಟ್ಟಿಗೆ ಬಿದ್ದರಂತೂ ದುಪ್ಪಟ್ಟು ಅಪಾಯ. ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಈ ಜೋಡಿಯ ಬಗ್ಗೆ ತಮ್ಮ ಅತ್ಯಂತ ಕಠಿಣ ಎಚ್ಚರಿಕೆಯನ್ನೇ ಔಷಧಿಗಳ ಮಾಹಿತಿಪತ್ರದಲ್ಲಿ ಅಚ್ಚು ಹಾಕಿಸಿದರು.

ಇನ್ನು ನೋವಿನ ವಿಚಾರ. ಆಸ್ಪತ್ರೆಗಳಲ್ಲಿ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುತ್ತಾರೆ. ‘ಹತ್ತರಲ್ಲಿ ಎಷ್ಟು?’ ಎಂದರೆ ಹಳ್ಳಿಯ ಹಿರಿಯರು ಮುಖ ನೋಡುತ್ತಾರೆ. ಅದೇ ‘ರೂಪಾಯಿಗೆ ಎಷ್ಟಾಣಿ ಕಡಿಮಿ ಆಗ್ಯಾದರಿ?’ ಎಂದು ಕೇಳಿದರೆ ಥಟ್ಟನೆ ಉತ್ತರ: ‘ಎಂಟಾಣಿ ಇಳದದ, ಇನ್ನ ಎಂಟಾಣಿ ಅದ.’ ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ದಶಕವಾದರೂ ನೋವಿನ ಲೆಕ್ಕದಲ್ಲಿ ಇನ್ನೂ ನಡೆಯುತ್ತಿದೆ. ಕನ್ನಡ ಬಲ್ಲ ನರ್ಸ್ ಒಬ್ಬಳಿದ್ದರೆ ಹದಿನಾರು ಮನೆಯ ಈ ಅಳತೆಗೋಲು ಹತ್ತು ಮನೆಯದಕ್ಕಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಹೃದಯದ ನೋವಿಗೆ ನಿಜವಾದ ಮದ್ದು ನೋವಿನ ಮಾತ್ರೆಯಲ್ಲ. ನಾಲಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ನೋವು ಮರೆಸುವುದಿಲ್ಲ, ರಕ್ತನಾಳ ಸಡಿಲಿಸಿ ಹೃದಯದ ಹೊರೆ ಇಳಿಸುತ್ತದೆ, ಅದರಿಂದ ನೋವು ಇಳಿಯುತ್ತದೆ. ಹೃದಯಾಘಾತದಲ್ಲಿ ಕಟ್ಟಿಕೊಂಡ ನಾಳ ತೆರೆದ ಕೂಡಲೇ ನೋವು ಕಡಿಮೆಯಾಗುತ್ತದೆ. ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಡುವ ಏರ್ಪಾಡು ಮಾಡಿರುವುದು ಇದಕ್ಕೇ. ಎದೆ ಹಿಡಿದಾಗ ‘ಗ್ಯಾಸ್ ಇರಬೇಕು’ ಎಂದು ಸೋಡಾ ಪುಡಿ ಕಲಸಿ ಕುಡಿದು, ಮೇಲೊಂದು ನೋವಿನ ಗುಳಿಗೆ ನುಂಗಿ ಲಿಂಗಂಪಲ್ಲಿಯ ರೈಲಿಗೆ ಕಾಯುವವರು ಈ ಇಂಜೆಕ್ಷನ್ನಿನ ಹೊತ್ತನ್ನೇ ಕಳೆದುಕೊಳ್ಳುತ್ತಾರೆ.

ತಡೆಯಲಾರದ ನೋವಿಗೆ ಮಾರ್ಫಿನ್ ಇದ್ದೇ ಇದೆ. ನೂರು ವರ್ಷ ಅದು ಪ್ರಶ್ನಾತೀತ ರಾಜ. ಈಚಿನ ಹತ್ತು ಹದಿನೈದು ವರ್ಷದಲ್ಲಿ ಅದರ ಒಂದು ಗುಟ್ಟು ಬಯಲಾಯಿತು: ಮಾರ್ಫಿನ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ, ಆಗ ರಕ್ತ ಹೆಪ್ಪುಗಟ್ಟದಿರಲು ಬಾಯಿಗೆ ಹಾಕಿದ ಕ್ಲೋಪಿಡೊಗ್ರೆಲ್, ಟಿಕಾಗ್ರೆಲಾರ್ ರಕ್ತ ಸೇರುವುದು ತಡವಾಗುತ್ತದೆ. ಸ್ಟೆಂಟ್ ಹಾಕುವ ಗಳಿಗೆಯಲ್ಲಿ ಆ ತಡ ಸಣ್ಣದಲ್ಲ. ಹಾಗೆಂದು ಮಾರ್ಫಿನ್ ಬಿಡಲೂ ಆಗದು. ನೋವೂ ಅಡ್ರಿನಲಿನ್ ಸುರಿಸುತ್ತದೆ, ಬಡಿತ ಏರಿಸುತ್ತದೆ. ಯುರೋಪಿನ ಹೃದ್ರೋಗ ತಜ್ಞರ 2017ರ ಮಾರ್ಗಸೂಚಿ ‘ಕೊಡಲೇಬೇಕು’ ಎನ್ನುವುದನ್ನು ಬಿಟ್ಟು ‘ಪರಿಗಣಿಸಬೇಕು’ ಎಂಬ ಧಾಟಿಗೆ ಇಳಿದದ್ದು ಈ ಗೊಂದಲದಿಂದ. ಗುಂಡಿ ಒತ್ತಿದಂತೆ ಎಲ್ಲರಿಗೂ ಒಂದೇ ಡೋಸು ಕೊಡದೆ, ಚೂರುಚೂರೇ ಕೊಟ್ಟು, ನೋವು ಎಷ್ಟಾಣೆ ಇಳಿಯಿತೆಂದು ಕೇಳುತ್ತ ಹೋಗುವುದು ಇಂದಿನ ರೀತಿ. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಬಲು ಬಳಕೆಯ ಫೋರ್ಟ್‌ವಿನ್ ಎಂಬ ಇಂಜೆಕ್ಷನ್ನಿನ ಮಾತು ಬೇರೆ. ಅದು ನೋವು ಕೊಲ್ಲುತ್ತದೆ ನಿಜ, ಆದರೆ ರಕ್ತದೊತ್ತಡ ಏರಿಸಿ ಹೃದಯದ ದುಡಿಮೆ ಹೆಚ್ಚಿಸುತ್ತದೆ. ಬಳಲಿದ ಎತ್ತಿಗೆ ಇನ್ನೊಂದು ಮೂಟೆ ಹೇರಿದಂತೆ.

ಮೊಣಕಾಲು ನೋವಿಗೆಂದು ನಮ್ಮವರು ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಕುಟುಂಬದ ಮಾತ್ರೆಗಳು ಹೃದಯದ ವಾರ್ಡಿನಲ್ಲಿ ಬೇಡದ ನೆಂಟರು. ಇವು ಉಪ್ಪು-ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ, ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ, ಹೃದಯಾಘಾತದ ಸಾಧ್ಯತೆಯನ್ನೇ ಹೆಚ್ಚಿಸುತ್ತವೆ. ಅದೇ ಜಾತಿಯ ವಯಾಕ್ಸ್ ಎಂಬ ಮಾತ್ರೆ ಜಗತ್ತಿನಾದ್ಯಂತ ಮಾರಾಟವಾಗಿ, ಇದೇ ಕಾರಣಕ್ಕೆ 2004ರ ಸೆಪ್ಟೆಂಬರ್ 30ರಂದು ಹಿಂದಕ್ಕೆ ಹೋಯಿತು. ಐಬುಪ್ರೊಫೆನ್‌ನದು ಇನ್ನೊಂದು ತಕರಾರು: ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ಅದರ ಕೆಲಸ ಕೆಡಿಸುತ್ತದೆ. ದನಗಳಿಗೆ ಡೈಕ್ಲೋಫಿನಾಕ್ ಕೊಟ್ಟದ್ದರಿಂದ ರಣಹದ್ದುಗಳೇ ಅಳಿಯತೊಡಗಿ 2006ರಲ್ಲಿ ಪಶುವೈದ್ಯಕೀಯ ಬಳಕೆ ನಿಷೇಧವಾದದ್ದು ಎಲ್ಲರಿಗೂ ಗೊತ್ತು. ಮನುಷ್ಯರ ಕೈಗೆ ಮಾತ್ರ ಅದು ಇಂದಿಗೂ ಸುಲಭವಾಗಿ ಸಿಗುತ್ತದೆ.

ಹಾಗಾದರೆ ಬೈಪಾಸ್ ಆಗಿ ಎದೆಮೂಳೆ ಕತ್ತರಿಸಿಕೊಂಡವರಿಗೆ ಏನು? ಪ್ಯಾರಾಸಿಟಮಾಲ್ ಅಡಿಪಾಯ, ಬೇಕಾದಷ್ಟೇ ದಿನ ಬಲವಾದ ನೋವುನಿವಾರಕ, ಮತ್ತೆ ಒಂದು ದಿಂಬು. ದಿಂಬು ತಮಾಷೆಯಲ್ಲ. ಕೆಮ್ಮು ಬಂದಾಗ ಅದನ್ನು ಎದೆಗೆ ಅವುಚಿಕೊಂಡರೆ ಹೊಲಿಗೆ ಅಲುಗುವುದಿಲ್ಲ, ನೋವು ತಾಳುವಂತಿರುತ್ತದೆ. ನೋವಿಗೆ ಹೆದರಿ ಕೆಮ್ಮದೆ ಕೂತರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ನೀರಿಗೆ ಹಾಕಿದರೆ ಬುಸ್ಸೆನ್ನುವ ಪ್ಯಾರಾಸಿಟಮಾಲ್ ಮಾತ್ರೆ ಮಾತ್ರ ಹೃದಯ ಸೋತವರಿಗೆ ಸಲ್ಲ, ಆ ನೊರೆಯೆಲ್ಲ ಸೋಡಿಯಂ.

ನಿದ್ದೆ, ನೋವಿನ ನಂತರ ಮೂರನೆಯದು ಅಂಜಿಕೆ. ಹೈದರಾಬಾದಿನ ದಖನಿಯಲ್ಲಿ ‘ಘಬ್ರಾಹಟ್’, ನಮ್ಮಲ್ಲಿ ‘ಗಾಬರಿ’. ಒಂದೇ ಪದ, ಹತ್ತು ಅರ್ಥ. ಎದೆ ಡವಡವ ಎಂದರೂ ಗಾಬರಿ, ಉಸಿರು ಸಾಲದಿದ್ದರೂ ಗಾಬರಿ, ಸಾಲ ಹೇಗೆ ತೀರಿಸಲಿ ಎಂಬ ಚಿಂತೆಯೂ ಗಾಬರಿ. ‘ಸಂಕಟ’ದ್ದೂ ಇದೇ ಪಾಡು: ಹೊಟ್ಟೆ ತೊಳಸುವುದೋ, ಎದೆ ಹಿಂಡುವುದೋ, ಮನಸ್ಸಿನ ನೋವೋ? ತೆಲುಗು, ಹಿಂದಿ ಮಾತ್ರ ಬಲ್ಲ ಕಿರಿಯ ವೈದ್ಯ ‘ಗಾಬರಿ’ಯನ್ನು ಆತಂಕ ಎಂದು ಬರೆದು ಒಂದು ಆಲ್‌ಪ್ರಜೋಲಾಮ್ ಸೇರಿಸಿಬಿಟ್ಟರೆ, ತಾಳ ತಪ್ಪಿದ ಹೃದಯ ಅದರ ಹಿಂದೆ ಅಡಗಿ ಕೂರಬಹುದು. ಮೊದಲು ಇಸಿಜಿ, ಆಮೇಲೆ ಮಾತ್ರೆ.

ಅಂಜಿಕೆ ಸುಳ್ಳು ಎಂದಲ್ಲ. 2021ರ ಅಕ್ಟೋಬರ್ 29ರಂದು 46ರ ಹರೆಯದ ನಟ ಪುನೀತ್ ತೀರಿಕೊಂಡಾಗಲೂ, 2025ರಲ್ಲಿ ಹಾಸನದಿಂದ ಸಾಲುಸಾಲು ಸಾವಿನ ಸುದ್ದಿ ಬಂದಾಗಲೂ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ನಿಂತವರನ್ನು ರಾಜ್ಯವೇ ನೋಡಿತು. ಹೊರಗಿದ್ದವರಿಗೇ ಅಷ್ಟು ದಿಗಿಲಾದರೆ ಒಳಗೆ ತಂತಿ ಸುತ್ತಿಕೊಂಡು ಮಲಗಿದವರಿಗೆ ಎಷ್ಟಿರಬೇಡ? ತೀರಾ ಬೆದರಿದವರಿಗೆ ಒಂದೆರಡು ದಿನ ಹಗುರವಾದ ಶಾಮಕ ಕೊಡುವುದನ್ನು ಮಾರ್ಗಸೂಚಿಗಳು ಒಪ್ಪುತ್ತವೆ. ವಾರಗಟ್ಟಲೆ ಖಿನ್ನತೆ ಬಿಡದಿದ್ದರೆ ಸರ್ಟ್ರಾಲಿನ್‌ನಂಥ ಔಷಧಿ ಹೃದಯಾಘಾತವಾದವರಲ್ಲೂ ಸುರಕ್ಷಿತ ಎಂದು 2002ರ ಪರೀಕ್ಷೆ ತೋರಿಸಿದೆ. ತೊಂದರೆ ಇರುವುದು ಬೇರೆ ಕಡೆ.

ನಮ್ಮ ಯಜಮಾನರತ್ತ ಮರಳೋಣ. ಮಲಗಿದರೆ ದಮ್ಮು ಇಲ್ಲ, ನೋವಿಲ್ಲ, ಇಸಿಜಿ ಸರಿಯಿದೆ. ಆದರೆ ಕೈ ನಡುಗುತ್ತಿದೆ, ಮೈ ಬೆವರಿದೆ, ಬಡಿತ 120 ದಾಟಿದೆ. ವೈದ್ಯರು ಮಗನನ್ನು ಹೊರಗಿನಿಂದ ಕರೆಸುತ್ತಾರೆ. ಮಗ ಊರಿಗೆ ಫೋನು ಹಚ್ಚುತ್ತಾನೆ. ‘ಅವ್ವಾ, ಅಪ್ಪ ರಾತ್ರಿ ಯಾವುದಾದ್ರೂ ಗುಳಗಿ ನುಂಗತಿದ್ದನೇನು?’ ಆ ಕಡೆಯಿಂದ ಉತ್ತರ: ‘ನಿದ್ದಿದು ಸಣ್ಣ ಗುಳಗಿ, ಮೂರು ವರ್ಷ ಆತಲ್ಲ. ಅದನ್ನೂ ಔಷಧ ಅಂತ ಹೇಳಬೇಕೇನು?’

ಮೂರು ವರ್ಷ ದಿನವೂ ನುಂಗಿದ ಆಲ್‌ಪ್ರಜೋಲಾಮ್ ಆಸ್ಪತ್ರೆ ಸೇರಿದ ದಿನ ಥಟ್ಟನೆ ನಿಂತಿದೆ. ಮಿದುಳು ಒಂದೆರಡು ದಿನ ನೋಡಿ, ಮೂರನೆಯ ದಿನದ ಹೊತ್ತಿಗೆ ರಂಪ ಎಬ್ಬಿಸುತ್ತದೆ: ನಡುಕ, ಬೆವರು, ಓಡುವ ನಾಡಿ, ಕೆಲವರಿಗೆ ಫಿಟ್ಸ್ ಕೂಡ. ಆಗಷ್ಟೇ ಪೆಟ್ಟು ತಿಂದ ಹೃದಯಕ್ಕೆ ಇದು ಎರಡನೆಯ ಪೆಟ್ಟು. ಇಂಥವರಿಗೆ ಅದೇ ಜಾತಿಯ ಮಾತ್ರೆ ಮತ್ತೆ ಶುರು ಮಾಡಿ, ಮುಂದೆ ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು. ಅರ್ಥಾತ್, ಒಬ್ಬರಿಗೆ ಕೊಡಬಾರದ ಮಾತ್ರೆಯನ್ನೇ ಇನ್ನೊಬ್ಬರಿಗೆ ಕೊಡಲೇಬೇಕು. ಎರಡರ ನಡುವಿನ ವ್ಯತ್ಯಾಸ ಮನೆಯವರ ಒಂದು ಮಾತಿನಲ್ಲಿದೆ.

ಈ ಸೀಮೆಯಲ್ಲಿ ಗುಳಿಗೆ ನುಂಗದವರಿಗೂ ಈ ಪಾಡು ಬರಬಹುದು. ತೆಲಂಗಾಣದ ಕಲಬೆರಕೆ ಸೇಂದಿಯಲ್ಲಿ ಆಲ್‌ಪ್ರಜೋಲಾಮ್, ಡಯಾಜಿಪಾಮ್, ಕ್ಲೋರಲ್ ಹೈಡ್ರೇಟ್ ಬೆರೆಸುವ ದಂಧೆ ಹಳೆಯದು. ಆ ಕ್ಲೋರಲ್ ಹೈಡ್ರೇಟನ್ನೇ ರಾಯಚೂರಿನ ಕಡೆ ‘ಸಿ.ಎಚ್. ಪೌಡರ್’ ಎನ್ನುತ್ತಾರೆ, ಒಂದು ಕಾಲದಲ್ಲಿ ಅದು ವೈದ್ಯರೇ ಬರೆಯುತ್ತಿದ್ದ ನಿದ್ದೆ ಔಷಧಿ. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆಗೆ ಒಮ್ಮೆಲೇ ಕಡಿವಾಣ ಹಾಕಿದಾಗ ಹಳ್ಳಿಹಳ್ಳಿಯಲ್ಲಿ ಜನ ನಡುಗಿ, ಬಡಬಡಿಸಿ ಆಸ್ಪತ್ರೆಗಳಿಗೆ ಬಂದರು. ತಾವು ಕುಡಿದದ್ದು ಬರೀ ಹೆಂಡ ಎಂದೇ ಅವರು ತಿಳಿದಿದ್ದರು. 2025ರ ಜುಲೈಯಲ್ಲಿ ಲಿಂಗಂಪಲ್ಲಿಗೆ ಹತ್ತಿರದ ಕೂಕಟ್‌ಪಲ್ಲಿಯಲ್ಲಿ ಅಂಥ ಸೇಂದಿ ಕುಡಿದು ಹಲವರು ಸತ್ತರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಮಾದರಿಗಳಲ್ಲಿ ಸಿಕ್ಕಿದ್ದು ಆಲ್‌ಪ್ರಜೋಲಾಮ್. ಹೃದಯದ ವಾರ್ಡಿನ ವೈದ್ಯರು ‘ಸೇಂದಿ ಅಭ್ಯಾಸ ಉಂಟೇನು?’ ಎಂದು ಕೇಳಿದರೆ ಅದು ನಡತೆಯ ವಿಚಾರಣೆಯಲ್ಲ. ಸೊಸೆಯ ಎದುರು ಮಾವ ‘ಇಲ್ಲ’ ಎನ್ನುತ್ತಾರೆ, ಒಬ್ಬರೇ ಇದ್ದಾಗ ಕೇಳಬೇಕು.

ಕಾನೂನಿನಲ್ಲಿ ಬೇಲಿ ಇದೆ. ಆಲ್‌ಪ್ರಜೋಲಾಮ್, ಡಯಾಜಿಪಾಮ್, ಜೋಲ್ಪಿಡೆಮ್, ಟ್ರಮಡಾಲ್ ಇವೆಲ್ಲ 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವನು ಚೀಟಿ ನೋಡಿ, ವೈದ್ಯರ ಮತ್ತು ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಬೇಲಿ ಎಲ್ಲೆಲ್ಲಿ ಮುರಿದಿದೆ ಎಂಬುದು ಮೆಡಿಕಲ್ ಶಾಪಿಗೆ ಹೋಗಿಬರುವ ಯಾರಿಗೂ ಹೇಳಬೇಕಿಲ್ಲ.

ಮುದುಕರಲ್ಲಿ ಇನ್ನೊಂದು ಬಗೆಯ ರಾತ್ರಿ ಬರುತ್ತದೆ. ಹಗಲು ಸರಿಯಾಗಿ ಮಾತಾಡಿದವರು ಸಂಜೆಯಾಗುತ್ತಲೇ ಹೊದಿಕೆಯ ನೂಲು ಕೀಳುತ್ತಾರೆ, ಸಲೈನ್ ಕಿತ್ತೊಗೆಯುತ್ತಾರೆ, ಎತ್ತು ಬಿಚ್ಚಿಕೊಂಡು ಹೋದವು ಎಂದು ಕೂಗುತ್ತಾರೆ. ಹಳೆಯ ಕನ್ನಡದಲ್ಲಿ ಇದಕ್ಕೆ ‘ಸನ್ನಿ’ ಎಂಬ ಸರಿಯಾದ ಹೆಸರೇ ಇದೆ. ಮಲಗಿಸಲೆಂದು ನಿದ್ದೆ ಇಂಜೆಕ್ಷನ್ ಕೊಟ್ಟರೆ ಸನ್ನಿ ಹೆಚ್ಚುವುದೇ ಜಾಸ್ತಿ, ಎದ್ದು ಬಿದ್ದು ತೊಡೆಮೂಳೆ ಮುರಿದುಕೊಳ್ಳುವುದೂ ಉಂಟು. ಸನ್ನಿಗೆ ಬಳಸುವ ಹಾಲೊಪೆರಿಡಾಲ್ ಹೃದಯದ ವಿದ್ಯುತ್ ತಾಳವನ್ನು ಎಳೆದು ಉದ್ದ ಮಾಡುತ್ತದೆ, ಹಾಗಾಗಿ ಅದಕ್ಕೂ ಮೊದಲು ಇಸಿಜಿ. ಆದರೆ ಇಲ್ಲೂ ಸರಳ ಸೂತ್ರವಿಲ್ಲ. ಉತ್ತರ ಅಮೆರಿಕದ 20 ಆಸ್ಪತ್ರೆಗಳಲ್ಲಿ ಸುಮಾರು 20 ಸಾವಿರ ಹೃದಯ ಶಸ್ತ್ರಚಿಕಿತ್ಸೆಗಳನ್ನು ಗಮನಿಸಿದ ಈಚಿನ ಅಧ್ಯಯನವೊಂದರಲ್ಲಿ, ಅರಿವಳಿಕೆಯ ವೇಳೆ ಆಲ್‌ಪ್ರಜೋಲಾಮ್ ಜಾತಿಯ ಔಷಧಿಯನ್ನು ಕೈಬಿಟ್ಟರೂ ಸನ್ನಿ ಗಮನಾರ್ಹವಾಗಿ ತಗ್ಗಲಿಲ್ಲ. ವಾರ್ಡಿನಲ್ಲಿ ದಿನದಿನವೂ ಕೊಡುವುದು ಬೇರೆ, ಆಪರೇಷನ್ ಮೇಜಿನ ಮೇಲೆ ಒಮ್ಮೆ ಕೊಡುವುದು ಬೇರೆ.

ಸನ್ನಿಗೆ ಕೆಲಸ ಮಾಡುವವು ಬಲು ಸಾದಾ: ಮೂಗಿನ ಮೇಲೆ ಕನ್ನಡಕ, ಕಿವಿಯಲ್ಲಿ ಮಷೀನು, ಬಾಯಲ್ಲಿ ಹಲ್ಲಿನ ಸೆಟ್ಟು, ಕಣ್ಣೆದುರು ಗಡಿಯಾರ, ಹಗಲು ಕಿಟಕಿಯ ಬೆಳಕು, ತಮ್ಮ ಮಾತಿನಲ್ಲಿ ಮಾತಾಡಿಸುವ ಒಬ್ಬರು. ಕೊನೆಯದು ಲಿಂಗಂಪಲ್ಲಿಯಲ್ಲಿ ದುಬಾರಿ. ಸುತ್ತ ತೆಲುಗು, ಹಿಂದಿ, ಇಂಗ್ಲಿಷ್. ಐಸಿಯು ಒಳಗೆ ಮನೆಯವರಿಗೆ ದಿನಕ್ಕೆ ಕೆಲವೇ ನಿಮಿಷ. ಹತ್ತು ನಿಮಿಷ ಹೆಚ್ಚು ಬಿಟ್ಟರೆ ಎಷ್ಟು ಮಾತ್ರೆ ಉಳಿಯುತ್ತದೋ ಎಂದು ಲೆಕ್ಕ ಹಾಕುವ ಆಸ್ಪತ್ರೆ ಆಡಳಿತ ಇನ್ನೂ ಹುಟ್ಟಬೇಕು.

ನಾಲ್ಕನೆಯ ಬೆಳಿಗ್ಗೆ ಯಜಮಾನರ ಕೈ ನಡುಕ ನಿಂತಿದೆ. ಊರಿಂದ ಬಂದ ಅಳಿಯನ ಚೀಲದಲ್ಲಿ ಮನೆಯಲ್ಲಿದ್ದ ಗುಳಿಗೆಗಳೆಲ್ಲ ಬಂದಿವೆ: ಬಿಪಿದು, ಸಕ್ಕರೆದು, ಅರ್ಧ ತೀರಿದ ನಿದ್ದೆಯದು, ಮೊಣಕಾಲಿನದೂ ಒಂದು ಪಟ್ಟಿ. ನರ್ಸ್ ಅವನ್ನು ಹಾಸಿಗೆಯ ಮೇಲೆ ಸುರಿದು ಒಂದೊಂದನ್ನೇ ಚಾರ್ಟಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಮೊಣಕಾಲಿನ ಪಟ್ಟಿಯನ್ನು ಬೇರೆ ಇಟ್ಟು ‘ಇದು ಇನ್ನು ಬೇಡ ತಾತಾ’ ಎನ್ನುತ್ತಾಳೆ. ನಿದ್ದೆಯದರ ಮುಂದೆ ವಾರವಾರಕ್ಕೂ ಎಷ್ಟು ಕಡಿಮೆ, ಯಾವ ತಾರೀಕಿಗೆ ಬಂದ್ ಎಂದು ವೈದ್ಯರು ಕೈಯಾರೆ ಬರೆದುಕೊಟ್ಟಿದ್ದಾರೆ. ಮಗ ಆ ಚೀಟಿಯ ಫೋಟೋ ತೆಗೆದು ಅವ್ವನಿಗೆ ಕಳಿಸುತ್ತಿದ್ದಾನೆ. ಅವ್ವನಿಗೆ ಓದಲು ಬರುವುದಿಲ್ಲ, ಪಕ್ಕದ ಮನೆಯ ಹುಡುಗಿ ಓದಿ ಹೇಳುತ್ತಾಳೆ.